ಮೊಹರಿನ ಮೇಲೊಂದು ಮೊಹರು

ನರ್ಸಿಂಗ್ ಪದವಿಪತ್ರ ಹಿಡಿದು ಪರದೇಶಕ್ಕೆ ಹೋದರೆ ಅಲ್ಲಿನ ಅಧಿಕಾರಿಗೆ ನಮ್ಮ ಕುಲಸಚಿವರ ಸಹಿಯ ಗುರುತೆಲ್ಲಿ? ಅದಕ್ಕೆಂದೇ ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ, ಕೊನೆಗೆ ಆ ದೇಶದ ರಾಯಭಾರ ಕಚೇರಿ ಹೀಗೆ ಒಬ್ಬರ ಸಹಿಗೆ ಇನ್ನೊಬ್ಬರ ಸಾಕ್ಷಿ ಬೇಕಾಯಿತು.

ರಾಯಭಾರ ಕಚೇರಿಯ ಅಲೆದಾಟ ತಪ್ಪಿಸಿದ್ದು 1961ರ ಅಕ್ಟೋಬರ್ 5ರ ಹೇಗ್ ಒಪ್ಪಂದ. ಸದಸ್ಯ ರಾಷ್ಟ್ರಗಳ ನಡುವೆ, ದಾಖಲೆ ಕೊಟ್ಟ ದೇಶವೇ ಹಾಕುವ ‘ಅಪೋಸ್ಟಿಲ್’ ಮುದ್ರೆ ಸಾಕು. ಕನಿಷ್ಠ 9 ಸೆಂ.ಮೀ. ಬದಿಯ ಚೌಕ, ಫ್ರೆಂಚ್ ಶೀರ್ಷಿಕೆ, 10 ಅಂಶಗಳು. ಭಾರತದಲ್ಲಿ ಇದು ಜಾರಿಯಾದದ್ದು 2005ರ ಜುಲೈ 14ರಂದು. ತಡವೆಂದೇ ಹೇಳಬೇಕು. ಕರಾವಳಿಯವರು ದುಡಿಯಲು ಹೋಗುವ ಸೌದಿ ಅರೇಬಿಯದಲ್ಲಂತೂ 2022ರ ಡಿಸೆಂಬರ್ 7ರವರೆಗೆ ಕಾಯಬೇಕಾಯಿತು.

ಇಷ್ಟಾಗಿಯೂ ಮುದ್ರೆ ಹೇಳುವುದು ಸಹಿ, ಹುದ್ದೆ, ಮೊಹರು ಅಸಲಿ ಎಂದಷ್ಟೇ. ಪದವಿಯನ್ನು ಒಪ್ಪುವುದು, ಬಿಡುವುದು ಆಯಾ ದೇಶಕ್ಕೆ ಸೇರಿದ್ದು.