ಆನಂದಪುರದ ಮಣ್ಣು

ದರ್ಬೆಯಿಂದ ಸುಳ್ಯ, ಸಂಪಾಜೆಯ ಹಾದಿಯಲ್ಲಿ ಘಟ್ಟವೇರಿದರೆ ಕೊಡಗು. ಅಲ್ಲಿ ಸಿದ್ದಾಪುರದ ಬಳಿ ಆನಂದಪುರ. 1853ರಲ್ಲಿ ಕೊಡಗಿಗೆ ಬಂದ ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗರು, ದೀಕ್ಷಾಸ್ನಾನ ಪಡೆದ ಹೊಲೆಯ ಸಮುದಾಯದ ಜೀತದಾಳುಗಳಿಗಾಗಿ ಕಟ್ಟಿದ ಊರು ಅದು. ಅವರ ಜೀವನಾಧಾರಕ್ಕೆಂದು ಕಾಫಿ ತೋಟವನ್ನೂ ಹಾಕಿಸಿದರು. ಗುಲಾಮಗಿರಿಗೆ ಕಾನೂನಿನ ಮನ್ನಣೆ 1843ರಲ್ಲೇ ತಪ್ಪಿತ್ತು. ಆದರೆ ಹೊಲದೊಡನೆ ಆಳೂ ಒಡೆಯನದೆಂಬ ರೂಢಿ ಕಾಯ್ದೆಯೊಂದಕ್ಕೆ ಮಣಿಯುವಂಥದಲ್ಲ. ಈ ಕಥೆ ನಮ್ಮನ್ನು ತಲುಪಿರುವುದು ಬಹುಮಟ್ಟಿಗೆ ಮಿಶನರಿಗಳ ಬರಹಗಳಿಂದ. ಗಿಡ ನೆಟ್ಟವರ ಬರಹದಿಂದಲ್ಲ.

ಬರೆಯದವರ ಸಾಕ್ಷ್ಯವನ್ನು ನೆಲ ಕಾಪಿಡುತ್ತದೆ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಯೇಸುಸಭೆಯ ಗುರುಗಳು ಗುಲಾಮರಿಂದ ತೋಟಗಳನ್ನು ನಡೆಸಿ, 1838ರಲ್ಲಿ 272 ಮಂದಿಯನ್ನು ಮಾರಿದರು. ಮಾರಾಟವಾದವರಲ್ಲಿ ದೀಕ್ಷಾಸ್ನಾನ ಪಡೆದವರೂ ಇದ್ದರು. 2020ರಲ್ಲಿ ಅಂಥದೊಂದು ತೋಟದ ನೆಲದಲ್ಲಿ ಗುಲಾಮರ ವಸತಿಯ ಕುರುಹುಗಳು ದೊರೆತವು: ತುಕ್ಕು ಹಿಡಿದ ಮೊಳೆ, ಒಡೆದ ಪಿಂಗಾಣಿ ಬಟ್ಟಲು, ಮಣ್ಣಿನ ಚಿಲುಮೆ. ಲೆಕ್ಕಪುಸ್ತಕದಲ್ಲಿ ಬರಿಯ ಬೆಲೆಯಾಗಿದ್ದವರು ಇಲ್ಲಿ ಉಂಡವರು, ಹೊಗೆ ಸೇದಿದವರು.

ಮೊಗ್ಲಿಂಗರನ್ನು ಆ ಮಾರಾಟಗಾರರ ಸಾಲಿಗೆ ಸೇರಿಸುವುದು ಅನ್ಯಾಯ. ಅವರು ಬಿಡುಗಡೆಗೆ ಹೊರಟವರು. ಆದರೂ ಕೂಲಿ ಕೊಡುವವರೂ ಸಂಸ್ಕಾರ ಕೊಡುವವರೂ ಒಬ್ಬರೇ ಆದಾಗ ಆಳಿನ ಬಾಳು ಹೇಗಿತ್ತೆಂದು ಕೇಳಲೇಬೇಕು. ಧರ್ಮಸಭೆಯ ಇತಿಹಾಸಕಾರರು ಕಡತದಷ್ಟೇ ಶ್ರದ್ಧೆಯಿಂದ ಹಳೆಯ ಲೈನ್‌ಮನೆಯ ತಳಪಾಯ, ಕಸದ ಗುಂಡಿ, ಹೆಸರಿಲ್ಲದ ಗೋರಿಗಳನ್ನೂ ಓದಬೇಕು, ಮರುನಾಟಿಗೆಂದು ತೋಟವನ್ನು ಅಗೆದು ಹಾಕುವ ಮುನ್ನ.