ತರಗತಿ ಬಿಟ್ಟ ಮೇಲೆ

ನಮ್ಮ ಕಡೆ ‘ಕ್ಲಬ್ಬು’ ಎಂಬ ಮಾತಿಗೆ ಅಂಥ ಒಳ್ಳೆಯ ಹೆಸರಿಲ್ಲ. ಊರಿನ ಹಿರಿಯರ ಕಿವಿಗೆ ಅದು ಇಸ್ಪೀಟು ಆಡುವ, ಗ್ಲಾಸು ಹಿಡಿಯುವ ಜಾಗ. ಇನ್ನೂ ಹಿಂದಿನವರಿಗೆ ‘ಕಾಫಿ ಕ್ಲಬ್’ ಎಂದರೆ ದೋಸೆ ಸಿಗುವ ಹೋಟೆಲು. ಅದಕ್ಕೇ ಸ್ಲೈಗೋದ ವಿಶ್ವವಿದ್ಯಾಲಯಕ್ಕೆ ಓದಲು ಬಂದ ಹುಡುಗನೊಬ್ಬ ವಾರದ ಫೋನಿನಲ್ಲಿ ‘ಕ್ಲಬ್ಬಿಗೆ ಸೇರಿದೆ’ ಎಂದರೆ ದಾವಣಗೆರೆಯಲ್ಲೋ ಹಾಸನದಲ್ಲೋ ಕೂತ ತಾಯಿಗೆ ಗಾಬರಿ. ಅದೇ ಮಾತನ್ನು ‘ಸಂಘ’ ಎಂದರೆ ಗೌರವ. ವಸ್ತು ಒಂದೇ, ಆದರೆ ಹೆಸರಿನ ಜೊತೆ ಮಾನವೂ ಬದಲಾಗುತ್ತದೆ.

ಇಲ್ಲಿ ಸೆಪ್ಟೆಂಬರಿನಲ್ಲಿ ಕಾಲೇಜು ಶುರುವಾದ ಕೂಡಲೇ ವಿದ್ಯಾರ್ಥಿ ಸಂಘಗಳವರು ಮೇಜು ಹಾಕಿಕೊಂಡು ಹೊಸಬರ ಹೆಸರು ಬರೆಸಿಕೊಳ್ಳುತ್ತಾರೆ. ನಮ್ಮ ಹುಡುಗ ಹುಡುಗಿಯರು ಆ ಮೇಜುಗಳ ಮುಂದೆ ನಿಂತು ಮಾಡುವ ಲೆಕ್ಕ ನನಗೆ ಬಾಯಿಪಾಠವಾಗಿದೆ. ಬ್ಯಾಂಕಿನ ಸಾಲ ಇಷ್ಟು, ಕೋರ್ಸು ಒಂದೇ ವರ್ಷ, ಕಾನೂನಿನ ಪ್ರಕಾರ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಉಳಿದ ಹೊತ್ತನ್ನು ಚೆಸ್ಸಿಗೋ ನಾಟಕಕ್ಕೋ ಕೊಟ್ಟರೆ ಅಂಕ ಬರುತ್ತದೆಯೇ, ಕೆಲಸ ಸಿಗುತ್ತದೆಯೇ? ಈ ಲೆಕ್ಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮನೆ ಅಡವಿಟ್ಟು ಬಂದವರ ಲೆಕ್ಕ ಅದು. ಆದರೆ ಅದರ ಹಿಂದೆ ಒಂದು ನಂಬಿಕೆ ಇದೆ: ವಿದ್ಯೆ ಇರುವುದು ತರಗತಿಯಲ್ಲಿ, ಸಂಘವೇನಿದ್ದರೂ ಊಟದ ಮೇಲಿನ ಎಲೆಅಡಿಕೆ. ಇತಿಹಾಸ ನೋಡಿದರೆ ಎಷ್ಟೋ ಕಡೆ ಸಂಗತಿ ಇದರ ತಿರುವುಮುರುವು.

ಸ್ಲೈಗೋ ಪಟ್ಟಣದಿಂದ ಪಶ್ಚಿಮಕ್ಕೆ, ಬಲ್ಲಿನಾ ರಸ್ತೆ ಹಿಡಿದು ಹೋದರೆ ಸ್ಕ್ರೀನ್ ಎಂಬ ಸಣ್ಣ ಊರು ಸಿಗುತ್ತದೆ. ಒಂದು ಕಡೆ ಆಕ್ಸ್ ಬೆಟ್ಟಗಳು, ಇನ್ನೊಂದು ಕಡೆ ಸಮುದ್ರ. 1819ರ ಆಗಸ್ಟ್ 13ರಂದು ಅಲ್ಲಿನ ಪಾದ್ರಿಯ ಮನೆಯಲ್ಲಿ ಕೊನೆಯ ಮಗುವಾಗಿ ಹುಟ್ಟಿದವನು ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್. ಕರ್ನಾಟಕದಲ್ಲಿ ವಿಜ್ಞಾನ ಓದಿದವರಿಗೆ ಈ ಹೆಸರು ಹೊಸದಲ್ಲ. ಉದ್ದನೆಯ ಗಾಜಿನ ಜಾಡಿಯಲ್ಲಿ ಹರಳೆಣ್ಣೆ ತುಂಬಿ, ಪುಟ್ಟ ಉಕ್ಕಿನ ಗುಂಡು ಬಿಟ್ಟು, ಸ್ಟಾಪ್‌ವಾಚ್ ಒತ್ತಿ ಸ್ನಿಗ್ಧತೆ ಕಂಡುಹಿಡಿದು ರೆಕಾರ್ಡು ಬರೆದಿದ್ದೀರಲ್ಲ, ಆ ನಿಯಮ ಇವನದೇ. ಚಿಕ್ಕಂದಿನಲ್ಲಿ ಸ್ಲೈಗೋ ಕಡಲಲ್ಲಿ ಈಜುವಾಗ ದೊಡ್ಡ ಅಲೆಯೊಂದು ಅವನನ್ನು ಎಳೆದುಕೊಂಡೇ ಹೋಗುವುದರಲ್ಲಿತ್ತಂತೆ, ಅಲೆಗಳ ಮೇಲಿನ ಆಸಕ್ತಿ ಹುಟ್ಟಿದ್ದು ಆಗಲೇ ಎನ್ನುತ್ತಾರೆ. ಕತೆ ಚೆನ್ನಾಗಿದೆ. ಆದರೆ ಅಲೆಗೆ ಸಿಕ್ಕಿ ಬದುಕಿದವರೆಲ್ಲ ವಿಜ್ಞಾನಿಗಳಾಗುವುದಿಲ್ಲ.

ಸ್ಟೋಕ್ಸ್ 1837ರಲ್ಲಿ ಕೇಂಬ್ರಿಜ್ ಸೇರಿದ, 1841ರಲ್ಲಿ ಗಣಿತದಲ್ಲಿ ಮೊದಲಿಗನಾಗಿ ಪಾಸಾದ. ಆ ಕಾಲದ ಕೇಂಬ್ರಿಜ್ಜಿನಲ್ಲಿ ಇವತ್ತಿನ ಅರ್ಥದ ಸಂಶೋಧನೆ ಪಠ್ಯದಲ್ಲೇ ಇರಲಿಲ್ಲ. ಪರೀಕ್ಷೆ ಇತ್ತು, ರ‍್ಯಾಂಕ್ ಇತ್ತು. ವಿಜ್ಞಾನ ವಿಷಯಗಳಿಗೆ ಪ್ರತ್ಯೇಕ ಪರೀಕ್ಷೆ ನಡೆದದ್ದೇ 1851ರಲ್ಲಿ. ಹೆಸರಾಂತ ಕ್ಯಾವೆಂಡಿಶ್ ಪ್ರಯೋಗಾಲಯ ತೆರೆದದ್ದು 1874ರಲ್ಲಿ. ಹಾಗಾದರೆ ಹರೆಯದ ಸ್ಟೋಕ್ಸ್ ದ್ರವಗಳ ಚಲನೆಯ ಬಗ್ಗೆ ಬರೆದದ್ದನ್ನು ಓದಿದ್ದು ಯಾರ ಮುಂದೆ? ಕೇಂಬ್ರಿಜ್ ಫಿಲಸಾಫಿಕಲ್ ಸೊಸೈಟಿ ಎಂಬ ಸಂಘದ ಮುಂದೆ. ಸೆಜ್‌ವಿಕ್ ಮತ್ತು ಹೆನ್ಸ್‌ಲೋ ಎಂಬ ಇಬ್ಬರು ಮುಂದೆ ನಿಂತು ಕಟ್ಟಿದ ಈ ಸಂಘ ಹುಟ್ಟಿದ್ದೂ 1819ರಲ್ಲೇ, ಸ್ಟೋಕ್ಸ್ ಹುಟ್ಟಿದ ವರ್ಷದಲ್ಲಿ. ಪದವಿ ಮುಗಿಸಿದವರು ಸೇರುವುದು, ಕಂಡದ್ದನ್ನು ಓದಿ ಹೇಳುವುದು, ವಾದ ಮಾಡುವುದು, ಮೆಚ್ಚಿಗೆಯಾದರೆ ಅಚ್ಚು ಹಾಕಿಸುವುದು. 1842ರಿಂದ ಸ್ಟೋಕ್ಸ್‌ನ ಮೊದಲ ಪ್ರಬಂಧಗಳು ಬಂದದ್ದು ಈ ಸಂಘದ ಸಂಪುಟಗಳಲ್ಲಿ. ಪ್ರಯೋಗಾಲಯಕ್ಕಿಂತ ಅರ್ಧ ಶತಮಾನ ಮೊದಲು ಸಂಘ ಬಂದಿತ್ತು.

ಮುಂದೆ ಆತ ನ್ಯೂಟನ್ ಕೂತಿದ್ದ ಲ್ಯೂಕೇಶಿಯನ್ ಪೀಠದಲ್ಲಿ 1849ರಿಂದ 1903ರಲ್ಲಿ ಸಾಯುವವರೆಗೂ ಕೂತ. ಅಷ್ಟು ದೊಡ್ಡ ಪ್ರೊಫೆಸರ್ ಬೆಳಕಿನ ಪ್ರಯೋಗ ಮಾಡುತ್ತಿದ್ದದ್ದು ಮನೆಯ ಉಗ್ರಾಣದ ಹಿಂದಿನ ಇಕ್ಕಟ್ಟಾದ ಓಣಿಯಲ್ಲಿ! ಇನ್ನೊಂದು ಸ್ವಾರಸ್ಯ ಹೇಳಿ ಮುಂದೆ ಹೋಗುತ್ತೇನೆ. ‘ಸ್ಟೋಕ್ಸ್ ಪ್ರಮೇಯ’ ಎಂದು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಉರುಹೊಡೆಯುವ ಸೂತ್ರ ಮೊದಲು ಅಚ್ಚಾದದ್ದು 1854ರ ಒಂದು ಬಹುಮಾನ ಪರೀಕ್ಷೆಯ ಪ್ರಶ್ನೆಯಾಗಿ. ವಿಲಿಯಂ ಥಾಮ್ಸನ್ ಎಂಬ ಗೆಳೆಯ ಕಾಗದದಲ್ಲಿ ಬರೆದು ಕಳಿಸಿದ್ದನ್ನು ಸ್ಟೋಕ್ಸ್ ಪ್ರಶ್ನೆಪತ್ರಿಕೆಗೆ ಹಾಕಿದ. ಆ ಪರೀಕ್ಷೆ ಬರೆದವರಲ್ಲಿ ಒಬ್ಬ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್.

ಸ್ಟೋಕ್ಸ್‌ನ ಬೆಳಕು ನಮ್ಮ ಕಡೆಗೂ ಬಂತು. ಕೆಲವು ವಸ್ತುಗಳು ಒಂದು ಬಣ್ಣದ ಬೆಳಕನ್ನು ಹೀರಿ ಅದಕ್ಕಿಂತ ಉದ್ದ ತರಂಗದ ಬೆಳಕನ್ನು ಹೊರಬಿಡುತ್ತವೆ ಎಂದು ಅವನು 1852ರಲ್ಲಿ ತೋರಿಸಿದ. ಅದರ ನೆನಪಿಗೇ ರಾಮನ್ ರೋಹಿತದಲ್ಲಿ ಉದ್ದ ತರಂಗದ ಕಡೆ ಕಾಣುವ ರೇಖೆಗಳಿಗೆ ‘ಸ್ಟೋಕ್ಸ್ ರೇಖೆ’ ಎನ್ನುತ್ತಾರೆ. ರಾಮನ್ ಕತೆಯೂ ಸಂಘದ್ದೇ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, 18ರ ಹರೆಯದಲ್ಲಿ ಅವರ ಮೊದಲ ಪ್ರಬಂಧ ಲಂಡನ್ನಿನ ಪತ್ರಿಕೆಯಲ್ಲಿ ಬಂತು. ಆಮೇಲೆ ಸಿಕ್ಕಿದ್ದು ಕಲ್ಕತ್ತೆಯಲ್ಲಿ ಸರ್ಕಾರಿ ಲೆಕ್ಕಪತ್ರದ ಕೆಲಸ. ಬೌಬಜಾರ್ ಬೀದಿಯಲ್ಲಿ ‘ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಶನ್ ಆಫ್ ಸೈನ್ಸ್’ ಎಂಬ ಬೋರ್ಡು ಕಂಡು ಒಳಗೆ ಹೋದರು. 1876ರಲ್ಲಿ ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಕಟ್ಟಿದ್ದ ಸಂಘ ಅದು. ಹತ್ತು ವರ್ಷ ಕಾಲ ಕಚೇರಿಗೆ ಮುಂಚೆ ಅಲ್ಲಿ, ಕಚೇರಿ ಬಿಟ್ಟ ಮೇಲೆ ಅಲ್ಲಿ. 1928ರ ಮಾರ್ಚ್ 16ರಂದು ತಮ್ಮ ಶೋಧವನ್ನು ಅವರು ವಿವರವಾಗಿ ಹೇಳಿದ್ದು ಬೆಂಗಳೂರಿನಲ್ಲಿ, ಸೌತ್ ಇಂಡಿಯನ್ ಸೈನ್ಸ್ ಅಸೋಸಿಯೇಷನ್ ಸಭೆಯಲ್ಲಿ. ಅದೂ ಸಂಘವೇ.

ವಿಜ್ಞಾನಕ್ಕೇನೋ ಸರಿ, ಕನ್ನಡಕ್ಕೆ? ಅಲ್ಲಿ ಕತೆ ಇನ್ನೂ ಗಟ್ಟಿ.

ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಹುಡುಗರೇ ಕನ್ನಡದಲ್ಲಿ ನಾಲ್ಕು ಜನರೆದುರು ಮಾತಾಡಲು ಸಂಕೋಚಪಡುತ್ತಿದ್ದ ಕಾಲ. ಅಂಥ ಹೊತ್ತಿನಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಕರ್ನಾಟಕ ಸಂಘ ಕಟ್ಟಿದರು. ಆ ಸಂಘ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಎಂಬ ತ್ರೈಮಾಸಿಕ ಹೊರಡಿಸಿತು. ಇವತ್ತು ಅದನ್ನು ಮೈಸೂರು ವಿಶ್ವವಿದ್ಯಾಲಯದ ವಿದ್ವತ್ಪತ್ರಿಕೆ ಎಂದು ಎಲ್ಲರೂ ಬಲ್ಲರು. ಹುಟ್ಟಿದ್ದು ಮಾತ್ರ ಒಂದು ಕಾಲೇಜಿನ ಸಂಘದ ಮಡಿಲಲ್ಲಿ. ವಿಶ್ವವಿದ್ಯಾಲಯ ವಹಿಸಿಕೊಂಡದ್ದು ಆಮೇಲೆ.

ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕನ್ನಡ ಎಂ.ಎ. ತರಗತಿ ಮೈಸೂರಿನಲ್ಲಿ ಶುರುವಾದದ್ದು 1927ರಲ್ಲಿ. ಅಂದರೆ ಕನ್ನಡ ಎಂಬುದು ಎಂ.ಎ. ಮಟ್ಟದಲ್ಲಿ ಓದತಕ್ಕ ವಿಷಯ ಎಂದು ವಿಶ್ವವಿದ್ಯಾಲಯ ಒಪ್ಪುವ ಎಂಟು ವರ್ಷ ಮೊದಲೇ ಸಂಘ ಅದನ್ನು ಒಪ್ಪಿತ್ತು. ಸಂಶೋಧನ ಲೇಖನ, ವಿಮರ್ಶೆ, ಹೊಸ ಬಗೆಯ ಕವಿತೆ, ಎಲ್ಲಕ್ಕೂ ಅಲ್ಲಿ ಪುಟ ಇತ್ತು. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ, ಅದೇ ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆಗೂಡಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ನಡೆಸಿದರು. ಅದು ಬಹುಕಾಲ ಬಾಳಲಿಲ್ಲ. ನನ್ನ ಮಟ್ಟಿಗೆ ಅದು ಸೋಲಲ್ಲ. ಹೇಳಲು ಪದವೇ ಇಲ್ಲದ ಕಡೆ ಪದ ಕಟ್ಟಿಕೊಂಡು ಹೊರಟವರ ಮೊದಲ ಬಂಡಿ ಅದು.

ಸಂಘದ ಕೆಲಸ ಎಂದರೆ ಭಾಷಣ, ಹಾರ, ವಂದನಾರ್ಪಣೆ ಎಂದು ತಿಳಿದವರಿಗೆ ಜಿ.ಪಿ. ರಾಜರತ್ನಂ ಅವರ ನೆನಪು ಮಾಡಬೇಕು. ಕನ್ನಡ ಪುಸ್ತಕಗಳನ್ನು ತಾವೇ ಹೊತ್ತು ಮನೆಮನೆಗೆ ಹೋಗಿ ಮಾರಿದ ಈ ಮನುಷ್ಯ ಸೆಂಟ್ರಲ್ ಕಾಲೇಜಿನಲ್ಲಿ ಮೇಷ್ಟರಾದ ಮೇಲೆ ಕರ್ನಾಟಕ ಸಂಘವನ್ನು ಮತ್ತೆ ಹುರುಪಿಗೆ ತಂದರು, ವಿದ್ಯಾರ್ಥಿಗಳು ಬರೆದದ್ದನ್ನು ಅಚ್ಚು ಹಾಕಿಸಿದರು. ಮೈಸೂರಿನಲ್ಲೂ ಹಾಗೆಯೇ ಆಗಿತ್ತು. ವಿದ್ಯಾರ್ಥಿಗಳ ಕವಿತೆಗಳೇ ‘ಕಿರಿಯ ಕಾಣಿಕೆ’, ‘ತಳಿರು’ ಎಂಬ ಸಂಕಲನಗಳಾಗಿ ಬಂದವು. ಇಪ್ಪತ್ತರ ಹುಡುಗನಿಗೆ ತನ್ನ ಹೆಸರು ಅಚ್ಚಿನಲ್ಲಿ ಕಾಣುವುದು ಏನೆಂದು ಒಮ್ಮೆ ಕಂಡವರಿಗೇ ಗೊತ್ತು. ಅದಕ್ಕೂ ಮುಖ್ಯ, ತಪ್ಪು ತಿದ್ದುವ ಕಣ್ಣೊಂದು ಪಕ್ಕದಲ್ಲೇ ಇರುವುದು.

ಆ ಮೈಸೂರಿನ ಹುಡುಗರಲ್ಲಿ ಒಬ್ಬ ಕುಪ್ಪಳಿಯ ಕೆ.ವಿ. ಪುಟ್ಟಪ್ಪ. ಇಂಗ್ಲಿಷಿನಲ್ಲಿ ಕವಿತೆ ಬರೆದು 1922ರಲ್ಲೇ ‘ಬಿಗಿನರ್ಸ್ ಮ್ಯೂಸ್’ ಎಂಬ ಪುಸ್ತಿಕೆ ತಂದಿದ್ದವನು. 1924ರಲ್ಲಿ ಮೈಸೂರಿಗೆ ಬಂದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತನ್ನ ಇಂಗ್ಲಿಷ್ ಪದ್ಯಗಳನ್ನು ತೋರಿಸಿದ. ಹೊಗಳಿಕೆಯ ನಿರೀಕ್ಷೆಯಲ್ಲಿದ್ದವನಿಗೆ ಸಿಕ್ಕಿದ್ದು ಬೇರೆ ಮಾತು: ನಿಮ್ಮ ಭಾಷೆಯಲ್ಲಿ ಬರೆಯಿರಿ. ಮೊದಲು ಬೇಸರವಾದರೂ ಮನಸ್ಸಿಗೆ ನಾಟಿತು. ಈ ಪ್ರಸಂಗವನ್ನು ಕುವೆಂಪು ‘ನೆನಪಿನ ದೋಣಿಯಲ್ಲಿ’ ಹೇಳಿದ್ದಾರೆ, ಕನ್ನಡಿಗರೆಲ್ಲ ಕೇಳಿದ್ದೇವೆ. ಐರ್ಲೆಂಡಿನಲ್ಲಿ ಕೂತು ಯೋಚಿಸುವಾಗ ನನಗೆ ಕಾಣುವುದು ಇದರ ಇನ್ನೊಂದು ತುದಿ. ಕಸಿನ್ಸ್ ಆ ಮಾತನ್ನು ಕಲಿತದ್ದು ಎಲ್ಲಿ?

ಕಸಿನ್ಸ್ ಬೆಲ್‌ಫಾಸ್ಟಿನವರು. ಡಬ್ಲಿನ್ನಿಗೆ ಬಂದು ನಾಟಕದವರ, ಕವಿಗಳ, ಥಿಯಾಸಫಿಯವರ ಕೂಟಗಳಲ್ಲಿ ಬೆಳೆದವರು. ಆ ಕೂಟಗಳ ಬೇರುಗಳಲ್ಲಿ ಒಂದು ವಿದ್ಯಾರ್ಥಿ ಸಂಘ. 1885ರ ಜೂನ್ 16ರಂದು ಡಬ್ಲಿನ್ನಿನ ಯಾರ್ಕ್ ಬೀದಿಯ ಒಂದು ಕೋಣೆಯಲ್ಲಿ ಕೆಲವು ಹುಡುಗರು ‘ಹರ್ಮೆಟಿಕ್ ಸೊಸೈಟಿ’ ಎಂದು ಹೆಸರಿಟ್ಟುಕೊಂಡು ಸೇರಿದರು. ಅಧ್ಯಕ್ಷತೆ ವಹಿಸಿದವನು ಚಿತ್ರಕಲಾ ಶಾಲೆಯ ವಿದ್ಯಾರ್ಥಿ, ಮೂರು ದಿನ ಹಿಂದಷ್ಟೇ ಇಪ್ಪತ್ತು ತುಂಬಿದ್ದವನು, ತಾಯಿಯ ತವರು ಸ್ಲೈಗೋವನ್ನೇ ತನ್ನ ಊರೆಂದುಕೊಂಡಿದ್ದ ಡಬ್ಲ್ಯೂ.ಬಿ. ಯೇಟ್ಸ್. ಯಾವ ಪಠ್ಯದಲ್ಲೂ ಇಲ್ಲದ ಭಾರತೀಯ ತತ್ತ್ವಶಾಸ್ತ್ರವನ್ನು ಆ ಹುಡುಗರು ತಾವೇ ಹುಡುಕಿ ಓದಿದರು. ಮುಂದೆ ಬಂಗಾಳದ ಮೋಹಿನಿ ಚಟರ್ಜಿ ಡಬ್ಲಿನ್ನಿಗೆ ಬಂದಾಗ ಯೇಟ್ಸ್ ಅವರ ಮಾತು ಕೇಳಿದ, ಅವರ ಹೆಸರಿನಲ್ಲೇ ಕವಿತೆಯನ್ನೂ ಬರೆದ. 1893ರಲ್ಲಿ ಹುಟ್ಟಿದ ಗೇಲಿಕ್ ಲೀಗ್ ಎಂಬ ಇನ್ನೊಂದು ಸಂಘ, ಕೈಬಿಟ್ಟುಹೋಗುತ್ತಿದ್ದ ಐರಿಷ್ ಭಾಷೆಯನ್ನು ಜನರ ಬಾಯಿಗೆ ಮತ್ತೆ ತರಲು ಹೊರಟಿತ್ತು. ಕಸಿನ್ಸ್ ಕೊನೆಯವರೆಗೂ ಬರೆದದ್ದು ಇಂಗ್ಲಿಷಿನಲ್ಲೇ. ತನ್ನ ನಾಡು ಕಳೆದುಕೊಂಡ ನುಡಿ ಏನೆಂದು ಬಲ್ಲವರಾದ್ದರಿಂದಲೇ ಮಲೆನಾಡಿನ ಹುಡುಗನಿಗೆ ಆ ಮಾತು ಹೇಳಿದರೇನೋ ಎಂದು ನನ್ನ ಊಹೆ.

ಇಷ್ಟು ಹೇಳಿ, ಸಂಘ ಎಂದರೆ ಸ್ವರ್ಗ ಎಂದು ನಿಲ್ಲಿಸಿದರೆ ಅರ್ಧ ಸುಳ್ಳಾಗುತ್ತದೆ. ಬಾಗಿಲ ಹೊರಗೆ ಯಾರಿದ್ದರು ಎಂದೂ ನೋಡಬೇಕು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಹಿಸ್ಟಾರಿಕಲ್ ಸೊಸೈಟಿ 1770ರಷ್ಟು ಹಳೆಯದು. ಟ್ರಿನಿಟಿ 1904ರಲ್ಲಿ ಹೆಣ್ಣುಮಕ್ಕಳನ್ನು ಸೇರಿಸಿಕೊಂಡರೂ ಈ ಸಂಘ ಅವರನ್ನು ಸದಸ್ಯರಾಗಿ ಒಪ್ಪಿದ್ದು 1969ರಲ್ಲಿ. ತರಗತಿಯೊಳಗೆ ಬಿಟ್ಟುಕೊಂಡು ಅರವತ್ತೈದು ವರ್ಷ ಸಂಘದಾಚೆ ನಿಲ್ಲಿಸಿದ್ದರು! ಕಸಿನ್ಸ್ ಅವರ ಹೆಂಡತಿ ಮಾರ್ಗರೆಟ್ ಸ್ಲೈಗೋದಿಂದ ಸುಮಾರು 40 ಕಿಲೋಮೀಟರ್ ದೂರದ ಬಾಯ್ಲ್ ಊರಿನವರು. 1902ರಲ್ಲಿ ರಾಯಲ್ ಯೂನಿವರ್ಸಿಟಿಯಿಂದ ಸಂಗೀತದ ಪದವಿ ಪಡೆದರು. ಅದು ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆ ಮಾತ್ರ, ಅಲ್ಲಿ ಸೇರಲು ಯಾವ ಕೂಟವಿದ್ದೀತು? ಆಕೆ ಸಂಘಗಳನ್ನು ತಾವೇ ಕಟ್ಟಿದರು: 1908ರಲ್ಲಿ ಡಬ್ಲಿನ್ನಿನಲ್ಲಿ ಹೆಂಗಸರ ಮತದಾನದ ಹಕ್ಕಿಗಾಗಿ, 1917ರಲ್ಲಿ ಮದರಾಸಿನಲ್ಲಿ ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್. ಸಂಜೆ ಹೊತ್ತು ಬಿಡುವಿಲ್ಲದವರು ಇವತ್ತೂ ಒಂದು ರೀತಿಯಲ್ಲಿ ಬಾಗಿಲ ಹೊರಗಿನವರೇ. ಸಭೆಗಳೆಲ್ಲ ಸಂಜೆ ಏಳಕ್ಕೆ ಇಟ್ಟರೆ ನರ್ಸಿಂಗ್ ಹೋಮಿನಲ್ಲಿ ರಾತ್ರಿ ಪಾಳಿ ಮಾಡಿಕೊಂಡು ಓದುವ ನಮ್ಮ ಹುಡುಗಿ ಎಲ್ಲಿಂದ ಬಂದಾಳು?

ಸ್ಲೈಗೋದ ಕಾಲೇಜು ಚರಿತ್ರೆ ಟ್ರಿನಿಟಿಯಷ್ಟು ಉದ್ದದ್ದಲ್ಲ. 1970ರಲ್ಲಿ ಪ್ರಾದೇಶಿಕ ತಾಂತ್ರಿಕ ಕಾಲೇಜಾಗಿ ಬಾಗಿಲು ತೆರೆಯಿತು. 2022ರ ಏಪ್ರಿಲ್ 1ರಂದು ಗಾಲ್ವೇ ಮತ್ತು ಲೆಟರ್‌ಕೆನಿ ಕಡೆಯ ಸಂಸ್ಥೆಗಳೊಂದಿಗೆ ಕೂಡಿ ಅಟ್ಲಾಂಟಿಕ್ ಟೆಕ್ನಾಲಜಿಕಲ್ ಯೂನಿವರ್ಸಿಟಿಯಾಯಿತು. ಇಂಥ ಸಣ್ಣ ಊರಿನಲ್ಲಿ ಎಂಥ ಸಂಶೋಧನೆ ಎಂದು ಮೂಗುಮುರಿಯುವವರಿಗೆ ನಾನು ಹೇಳುವುದು ಒಂದು ಮೊಣಕಾಲು ಚಿಪ್ಪಿನ ಕತೆ. 1903ರಲ್ಲಿ ಕ್ಲೇರ್ ಜಿಲ್ಲೆಯ ಗುಹೆಯೊಂದರಲ್ಲಿ ಸಿಕ್ಕ ಕರಡಿಯ ಮೂಳೆಗಳು ಡಬ್ಲಿನ್ನಿನ ಮ್ಯೂಸಿಯಮ್ಮಿನ ಪೆಟ್ಟಿಗೆಯಲ್ಲಿ ದಶಕಗಟ್ಟಲೆ ಬಿದ್ದಿದ್ದವು. ಇಲ್ಲಿ ಪುರಾತತ್ತ್ವ ಕಲಿಸುವ ಮೇರಿಯನ್ ಡೌಡ್, ಪ್ರಾಣಿಮೂಳೆಗಳ ತಜ್ಞೆ ರೂತ್ ಕಾರ್ಡನ್ ಜೊತೆ, ಅದರಲ್ಲಿನ ಚಿಪ್ಪೊಂದರ ಮೇಲಿದ್ದ ಕತ್ತಿಯ ಗೀರುಗಳ ಕಾಲವನ್ನು ಪರೀಕ್ಷೆ ಮಾಡಿಸಿದರು. 2016ರಲ್ಲಿ ಪ್ರಕಟವಾದ ಉತ್ತರ: ಸುಮಾರು 12,500 ವರ್ಷ. ಐರ್ಲೆಂಡಿನಲ್ಲಿ ಮನುಷ್ಯ ಇದ್ದ ಕಾಲ ಒಂದೇ ಏಟಿಗೆ ಸುಮಾರು 2,500 ವರ್ಷ ಹಿಂದಕ್ಕೆ ಹೋಯಿತು.

ಪಟ್ಟಣದ ಅಂಚಿನಲ್ಲೇ ಕ್ಯಾರೋಮೋರ್ ಇದೆ, ಐದು ಸಾವಿರ ವರ್ಷಕ್ಕೂ ಹಳೆಯ ಕಲ್ಲುಗೋರಿಗಳ ಬಯಲು. ಉಳಿದಿರುವುದು ಸುಮಾರು 30. ಹಳೆಯ ಕಲ್ಲು ನೋಡುವ ಹವ್ಯಾಸದವರು ಇಲ್ಲಿ ಬೇಕಾದಷ್ಟು, ಅವರ ನಡಿಗೆಗೆ ಪದವಿ ಗಿದವಿ ಕೇಳುವುದಿಲ್ಲ. ಒಂದು ಭಾನುವಾರ ಡೇಟಾ ಅನಲಿಟಿಕ್ಸ್ ಓದುವ ಗಂಗಾವತಿಯ ಹುಡುಗನೊಬ್ಬನನ್ನು ಜೊತೆಗೆ ಕರೆದೊಯ್ದಿದ್ದೆ. ಒಲ್ಲದ ಮನಸ್ಸಿನಿಂದ ಬಂದಿದ್ದ. ಕಲ್ಲುಚಪ್ಪಡಿಗಳ ಸುತ್ತ ಎರಡು ಸಲ ಸುತ್ತಿ, “ಅಣ್ಣಾರ, ನಮ್ಮ ಹಿರೇಬೆಣಕಲ್ ಗುಡ್ಡದಾಗೂ ಇಂಥವ ಅದಾವಲ್ರೀ, ಇದಕ್ಕಿಂತ ಜಾಸ್ತಿನ ಅದಾವು” ಎಂದ. ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಗುಂಪಿನ ಹಿರಿಯರೊಬ್ಬರು ನಿಂತುಬಿಟ್ಟರು. ಎಷ್ಟು ದೊಡ್ಡವು, ಯಾವ ಕಲ್ಲು, ಬಾಯಿ ಯಾವ ದಿಕ್ಕಿಗೆ ಎಂದು ಒಂದೇ ಸಮನೆ ಕೇಳಿದರು. ಹುಡುಗ ಫೋನು ತೆಗೆದು ಊರಿನ ಚಿತ್ರಗಳನ್ನು ಹುಡುಕತೊಡಗಿದ. ಮುಂದಿನ ತಿಂಗಳ ಸಭೆಯಲ್ಲಿ ಇಪ್ಪತ್ತು ನಿಮಿಷ ಇದನ್ನೇ ಮಾತಾಡುತ್ತೀಯಾ ಎಂದು ಅವರು ಕೇಳಿದಾಗ ನನ್ನ ಕಡೆ ತಿರುಗಿ, “ಶನಿವಾರ ಡ್ಯೂಟಿ ಐತ್ರಿ. ಬ್ಯಾರೆ ದಿನ ಇಟ್ಟರ ಮಾತಾಡ್ತೀನಿ ಅಂತ ಹೇಳ್ರಿ” ಎಂದ.