ದಂಡಿನ ಕುದುರೆ, ಪಂದ್ಯದ ಕುದುರೆ



ಅಂಚೆಟ್ಟಿಯಿಂದ ಡೆಂಕಣಿಕೋಟೆಯ ಮೇಲೆ ಹೊಸೂರಿಗೆ ಹೋಗಿ ಬರುವ ನಮಗೆಲ್ಲ ಮತ್ತಿಗಿರಿಯ ದನದ ಫಾರಂ ಗೊತ್ತು. ತಮಿಳಿನಲ್ಲಿ ಅದನ್ನೇ ಕಾಲ್ನಡೈ ಪಣ್ಣೈ ಎನ್ನುತ್ತೇವೆ. ಆದರೆ 1824ರಲ್ಲಿ ಆ ಫಾರಂ ಹುಟ್ಟಿದ್ದು ದನಕ್ಕಾಗಿ ಅಲ್ಲ, ಕುದುರೆಗಾಗಿ. ಅಂದಿನ ಕಂಪನಿ ಸರಕಾರದ ದಂಡಿಗೆ ಕುದುರೆಗಳನ್ನು ಸಾಕಿ ಪಳಗಿಸುವ ಜಾಗ ಅದಾಗಿತ್ತು. ಅದಕ್ಕೂ ಹಿಂದೆ, ಟಿಪ್ಪು ಸುಲ್ತಾನನ ಕಾಲದಲ್ಲೇ, ಕುಣಿಗಲ್ಲಿನಲ್ಲಿ ಇಂಥದೇ ಕೆಲಸ ನಡೆದಿತ್ತು.

ದಂಡಿಗೆ ಎಂಥ ಕುದುರೆ ಬೇಕು? ಸವಾರನ ಸನ್ನೆ ತಿಳಿಯಬೇಕು. ಹಳ್ಳ, ಬೇಲಿ, ದಿಣ್ಣೆಗಳನ್ನು ಹಾರಿ ದೂರ ಓಡಬೇಕು. ಇಷ್ಟೆಲ್ಲ ದಣಿದ ಮೇಲೂ ಮಾರನೆಯ ದಿನ ಕೆಲಸಕ್ಕೆ ಒದಗಬೇಕು. ಈ ಮೂರು ಪರೀಕ್ಷೆಗಳೇ ಮುಂದೆ ಪಂದ್ಯವಾದವು. ಮೊದಲನೆಯದು ಡ್ರೆಸ್ಸಾಜ್, ಅಂದರೆ ಹದವಾದ ನಡಿಗೆ. ಎರಡನೆಯದು ಕ್ರಾಸ್ ಕಂಟ್ರಿ, ಅಂದರೆ ಬಯಲಿನ ಓಟ. ಮೂರನೆಯದು ಬೇಲಿ ಹಾರಿಸುವ ಜಂಪಿಂಗ್. ಮೂರೂ ಸೇರಿದರೆ ಈವೆಂಟಿಂಗ್. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಇದು ಸೇರಿದಾಗ ಸೇನಾಧಿಕಾರಿಗಳಿಗೆ ಮಾತ್ರ ಅವಕಾಶವಿತ್ತು. 1952ರಲ್ಲಿ ಆ ಕಟ್ಟು ಸಡಿಲವಾಯಿತು. 1964ರಲ್ಲಿ ಹೆಂಗಸರೂ ಈವೆಂಟಿಂಗ್‌ಗೆ ಇಳಿದರು.

ಇನ್ನು ನಮ್ಮ ಸೀಮೆಯ ಮಾತು. 1918ರ ಸೆಪ್ಟೆಂಬರ್ 23ರಂದು ದೂರದ ಹೈಫಾ ಪಟ್ಟಣವನ್ನು ಗೆದ್ದ ರಾಹುತರಲ್ಲಿ ಮೈಸೂರು ಲ್ಯಾನ್ಸರ್ಸ್ ದಳವೂ ಇತ್ತು. ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನಗಳ ಕುದುರೆ ದಳಗಳನ್ನು ಕೂಡಿಸಿ 1953ರಲ್ಲಿ 61ನೇ ಕ್ಯಾವಲ್ರಿ ಕಟ್ಟಿದರು. ಮೈಸೂರಿನವರೂ ಅದರಲ್ಲಿ ಬೆರೆತರು. ಅದೇ ದಳದ ರಘುಬೀರ್ ಸಿಂಗ್ 1982ರ ದೆಹಲಿ ಏಷ್ಯನ್ ಕ್ರೀಡೆಗಳಲ್ಲಿ ಈವೆಂಟಿಂಗ್‌ನ ಚಿನ್ನ ಗೆದ್ದರು. ಆಮೇಲೆ 36 ವರ್ಷ ಕುದುರೆ ಸವಾರಿಯಲ್ಲಿ ಭಾರತಕ್ಕೆ ವೈಯಕ್ತಿಕ ಪದಕವೇ ಇರಲಿಲ್ಲ. 2018ರಲ್ಲಿ ಜಕಾರ್ತದಲ್ಲಿ ಆ ಬರ ನೀಗಿಸಿದವರು ಬೆಂಗಳೂರಿನ ಫವಾದ್ ಮಿರ್ಜಾ. ಇವರು ಸೈನಿಕರಲ್ಲ. ತಮಗೊಂದು ಬೆಳ್ಳಿ, ತಂಡಕ್ಕೊಂದು ಬೆಳ್ಳಿ ತಂದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೆಯವರಾದರು.

ಈ ಪಂದ್ಯದ ಒಂದು ನಿಯಮವನ್ನು ಮಾತ್ರ ನಾವು ಮರೆಯಬಾರದು. ಬಯಲಿನ ಓಟ ಮುಗಿದ ಮೇಲೆ, ಜಂಪಿಂಗ್‌ಗೆ ಮುಂಚೆ, ಪಶುವೈದ್ಯರ ಎದುರು ಪ್ರತಿ ಕುದುರೆಯನ್ನೂ ನಡೆಸಿ ನೋಡುತ್ತಾರೆ. ಕಾಲು ಕುಂಟುತ್ತಿದ್ದರೆ, ಅದು ಎಲ್ಲರಿಗಿಂತ ಮುಂದಿದ್ದರೂ ಪಂದ್ಯದಿಂದ ಹೊರಗೆ. ಸವಾರ ಎಷ್ಟು ಬೇಡಿಕೊಂಡರೂ ನಡೆಯದು.

ಸಂಕ್ರಾಂತಿ ಕಳೆದರೆ ನಮ್ಮ ಕೃಷ್ಣಗಿರಿ ಸೀಮೆಯಲ್ಲಿ ಎತ್ತು ಬಿಡುವ ಹಬ್ಬಗಳು. ಬಹುಮಾನ ಗೆದ್ದ ಎತ್ತನ್ನು ಮೆರೆಸುತ್ತೇವೆ, ಒಳ್ಳೆಯದೇ. ಆದರೆ ಮಾರನೆಯ ಬೆಳಿಗ್ಗೆ ಅದರ ಕಾಲು ಮುಟ್ಟಿ ನೋಡುವವರು ಎಷ್ಟು ಮಂದಿ? ಯುದ್ಧಕ್ಕೆಂದು ಕುದುರೆ ಸಾಕಿದವರು ಕಲಿತ ಪಾಠ ಇಷ್ಟೇ: ಪ್ರಾಣಿ ನಾಳೆಯೂ ನೆಟ್ಟಗೆ ನಿಂತರೆ ಮಾತ್ರ ಇಂದಿನದು ಗೆಲುವು. ಮತ್ತಿಗಿರಿ ದಾಟುವಾಗ ಈ ಮಾತು ನೆನಪಿರಲಿ.